ಕಬ್ಬಿಣದ ಊರಲ್ಲಿ ಕಬ್ಬಿಣ ಸಿಗದ ಗುಲಾಬಿ

ಇವತ್ತಿನ ಕಥೆ ಶುರುವಾಗೋದು ಒಂದು ತುಕ್ಕು ಹಿಡಿದ ಮೊಳೆಯಿಂದ.

ಕುಂಡದಲ್ಲಿರೋ ಗುಲಾಬಿಯ ಚಿಗುರೆಲೆ ಹಳದಿಯಾದರೆ ಬುಡಕ್ಕೆ ಎರಡು ತುಕ್ಕು ಮೊಳೆ ಚುಚ್ಚಿಬಿಡಿ ಅನ್ನೋ ಸಲಹೆ ನೀವೂ ಕೇಳಿರ್ತೀರಿ. ಪಕ್ಕದ ಮನೆಯವರು ಹೇಳಿರ್ತಾರೆ, ಇಲ್ಲಾಂದ್ರೆ ಯಾವುದೋ ರೀಲ್ಸಲ್ಲಿ ಬಂದಿರುತ್ತೆ. ಸಲಹೆಯ ಹಿಂದಿನ ಲೆಕ್ಕ ಸರಳ. ಎಲೆ ಹಳದಿಯಾಗಿದೆ ಅಂದ್ರೆ ಕಬ್ಬಿಣ ಕಡಿಮೆ. ಮೊಳೆಯಲ್ಲಿ ಕಬ್ಬಿಣ ಇದೆ. ಹಾಕಿದರೆ ಸರಿಹೋಗಬೇಕು.

ಈ ಲೆಕ್ಕ ಸರಿಯಾಗಿದ್ದರೆ ಶಿವಮೊಗ್ಗ ಜಿಲ್ಲೆಯಲ್ಲಿ ಒಂದೇ ಒಂದು ಗುಲಾಬಿ ಗಿಡವೂ ಹಳದಿಯಾಗಬಾರದಿತ್ತು. ಯಾಕಂದ್ರೆ ನಮ್ಮ ಮಲೆನಾಡಿನ ಕೆಂಪು ಮಣ್ಣು ಕೆಂಪಾಗಿರೋದೇ ತುಕ್ಕಿನಿಂದ. ಮೊಳೆ ಮೇಲಿರೋದೂ ಅದೇ, ಮಣ್ಣಲ್ಲಿರೋದೂ ಅದೇ: ಕಬ್ಬಿಣದ ಆಕ್ಸೈಡ್. ಅಂಥಾ ಮಣ್ಣು ತುಂಬಿದ ಕುಂಡದಲ್ಲಿ, ಅದೂ ಕಬ್ಬಿಣದ ಊರು ಅಂತಲೇ ಹೆಸರಾದ ಭದ್ರಾವತಿಯಲ್ಲಿ, ಒಂದು ಗಿಡ ಕಬ್ಬಿಣ ಸಾಲದೆ ಸೊರಗುತ್ತೆ ಅಂದ್ರೆ ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಬಹಳ ವರ್ಷ ಹಿಡಿದಿದೆ. ಆ ಹುಡುಕಾಟದಲ್ಲಿ ನಮ್ಮ ಊರುಗಳೂ ಬರ್ತವೆ. ಅದೇ ಇವತ್ತಿನ ಎಪಿಸೋಡ್.

ಮೊದಲು ಮಣ್ಣಿನಿಂದ ಶುರು ಮಾಡೋಣ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೇ ಮನೆಗಳ ಗೋಡೆ ನೋಡಿದ್ರೆ ಗೊತ್ತಾಗುತ್ತೆ, ಅಲ್ಲಿ ಜಂಬಿಟ್ಟಿಗೆ ಕಲ್ಲು ಇರುತ್ತೆ. ನೆಲದಲ್ಲಿರುವಾಗ ಮೆತ್ತಗೆ, ಕತ್ತರಿಸಿ ಗಾಳಿಗೆ ಇಟ್ಟರೆ ಗಟ್ಟಿ. 1800–01ರಲ್ಲಿ ಫ್ರಾನ್ಸಿಸ್ ಬುಕನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯ, ಟಿಪ್ಪು ಸುಲ್ತಾನ್ ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿಗೋಸ್ಕರ ಮೈಸೂರು, ಕೆನರಾ, ಮಲಬಾರ್ ಸುತ್ತಿ ವರದಿ ಬರೆದ. ನಮ್ಮ ನಗರ, ಇಕ್ಕೇರಿ ಸೀಮೆಯನ್ನೂ ನೋಡಿದ. ಮಲಬಾರಿನಲ್ಲಿ ಈ ಕಲ್ಲನ್ನು ಇಟ್ಟಿಗೆ ಥರ ಕತ್ತರಿಸೋದು ಕಂಡು, 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಅಂದ್ರೆ ಇಟ್ಟಿಗೆ. ನಮ್ಮವರು ಅದಕ್ಕೂ ಮುಂಚೆಯೇ ಜಂಬಿಟ್ಟಿಗೆ ಅಂತ ಕರೆದು ಅದೇ ಮಾತು ಹೇಳಿ ಮುಗಿಸಿದ್ದರು.

ಈ ಕಲ್ಲು, ಈ ಮಣ್ಣು ಹುಟ್ಟಿದ್ದು ಮಳೆಯಿಂದ. ಲಕ್ಷಾಂತರ ವರ್ಷ ಸುರಿದ ಮಳೆ ಬಂಡೆಯಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲವನ್ನೂ ತೊಳೆದು ಹೊಳೆಗೆ ಸೇರಿಸಿತು. ನೀರಲ್ಲಿ ಕರಗದೆ ಉಳಿದದ್ದು ಮುಖ್ಯವಾಗಿ ಎರಡು: ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ನಮ್ಮ ಮಣ್ಣಲ್ಲಿ ಕಬ್ಬಿಣ ಅಷ್ಟೊಂದು ಉಳಿದಿದ್ದು ಯಾಕೆ? ಅದು ಕರಗಲಿಲ್ಲ ಅಂತಲೇ. ಕರಗಿದ್ದರೆ ಹೊಳೆಯಲ್ಲಿ ಹೋಗಿರ್ತಿತ್ತು. ಆದರೆ ಬೇರು ಕಲ್ಲು ಕಡಿಯೋಕೆ ಆಗಲ್ಲ, ಅದು ಕುಡಿಯೋದು ನೀರನ್ನು. ಕರಗದ್ದು ಬೇರಿಗೆ ಇದ್ದೂ ಇಲ್ಲದ ಹಾಗೆ.

ಬಿ.ಕಾಂ. ಓದಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ಕಂಪನಿಯ ಬ್ಯಾಲೆನ್ಸ್ ಶೀಟಲ್ಲಿ ಕೋಟಿಗಟ್ಟಲೆ ಆಸ್ತಿ ತೋರಿಸಿರುತ್ತೆ, ತಿಂಗಳ ಕೊನೆಗೆ ಸಂಬಳ ಕೊಡೋಕೆ ನಗದು ಇರಲ್ಲ. ಜಾಗ ಇದೆ, ಕಟ್ಟಡ ಇದೆ, ಮಷಿನ್ ಇದೆ, ದುಡ್ಡು ಮಾತ್ರ ಇಲ್ಲ. ಮಣ್ಣಲ್ಲಿರೋ ಕಬ್ಬಿಣ ಫಿಕ್ಸೆಡ್ ಅಸೆಟ್. ಗಿಡಕ್ಕೆ ಬೇಕಾಗಿರೋದು ಕ್ಯಾಶ್.

ಈ ಅಸೆಟ್ಟನ್ನು ಕ್ಯಾಶ್ ಮಾಡೋದು ಎಷ್ಟು ಕಷ್ಟ ಅಂತ ಭದ್ರಾವತಿಯವರಿಗೆ ಹೇಳಬೇಕಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿ ಅನ್ನೋ ಹೆಸರಲ್ಲೇ ಕಥೆ ಇದೆ: ಕೆಂಪು ಮಣ್ಣಿನ ಗುಂಡಿ. ಆ ಬೆಟ್ಟದ ಅದಿರು ರೋಪ್‌ವೇನಲ್ಲಿ ಕೆಳಗಿಳಿದು, ರೈಲಿನಲ್ಲಿ ಭದ್ರಾವತಿಗೆ ಬರ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಹಟದಿಂದ ಎದ್ದ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಶುರು ಮಾಡಿತು. ಅದಿರು ಅಂದ್ರೆ ಆಕ್ಸಿಜನ್ ಕಚ್ಚಿಕೊಂಡಿರೋ ಕಬ್ಬಿಣ. ಆ ಆಕ್ಸಿಜನ್ ಬಿಡಿಸಬೇಕು. ಬೇರೆ ಕಡೆ ಅದಕ್ಕೆ ಕಲ್ಲಿದ್ದಲಿನ ಕೋಕ್ ಹಾಕ್ತಿದ್ದರು. ನಮ್ಮಲ್ಲಿ ಕಲ್ಲಿದ್ದಲು ಇಲ್ಲ, ಕಾಡು ಇತ್ತು. ಹಾಗಾಗಿ ಮಲೆನಾಡಿನ ಮರ ಕಡಿದು, ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಕುಲುಮೆ ಉರಿಸಿದರು. ಮರದಿಂದ ಇದ್ದಿಲಿನ ಜೊತೆ ಮೆಥನಾಲ್, ಟಾರ್ ತೆಗೆಯೋ ದೊಡ್ಡ ಘಟಕವನ್ನೂ ಕಟ್ಟಿದರು. ತುಕ್ಕನ್ನು ಕಬ್ಬಿಣ ಮಾಡೋಕೆ ಒಂದು ಕಾಡು, ಒಂದು ಹೊಳೆ, ಒಂದು ರೈಲು, ಸಾವಿರಾರು ಜನರ ಬೆವರು ಬೇಕಾಯ್ತು.

ಇನ್ನೊಂದು ವಿಷಯ. ಅದೇ ಕೆಮ್ಮಣ್ಣುಗುಂಡಿ ಈಗ ತೋಟಗಾರಿಕೆ ಇಲಾಖೆಯ ಗಿರಿಧಾಮ, ಅಲ್ಲೊಂದು ಗುಲಾಬಿ ತೋಟ ಇದೆ. ಒಂದೇ ಬೆಟ್ಟದ ಕಬ್ಬಿಣವನ್ನು ಮನುಷ್ಯ ಕಾರ್ಖಾನೆ ಕಟ್ಟಿ ತೆಗೆದ, ಗುಲಾಬಿ ಬೇರು ಸದ್ದಿಲ್ಲದೆ ತೆಗೆದುಕೊಳ್ತಿದೆ. ಅದು ಹೇಗೆ?

ಗುಲಾಬಿ ಬೇರಿನ ತುದಿಯಲ್ಲೂ ಒಂದು ಪುಟ್ಟ ಕುಲುಮೆ ಇದೆ ಅಂದುಕೊಳ್ಳಿ. ಅಲ್ಲಿ ಬೆಂಕಿ ಇಲ್ಲ. ಕಬ್ಬಿಣ ಸಾಲದು ಅನ್ನಿಸಿದಾಗ ಬೇರು ಮೊದಲು ತನ್ನ ಸುತ್ತ ಆಮ್ಲ ಬಿಡುತ್ತೆ. ಅದರಿಂದ ಒಂಚೂರು ಕಬ್ಬಿಣ ಕರಗುತ್ತೆ. ಆಮೇಲೆ ಆ ಕಬ್ಬಿಣಕ್ಕೆ ಒಂದು ಎಲೆಕ್ಟ್ರಾನ್ ಕೊಟ್ಟು, ತಾನು ಒಳಗೆ ಎಳೆದುಕೊಳ್ಳಬಲ್ಲ ರೂಪಕ್ಕೆ ತರುತ್ತೆ. ಭದ್ರಾವತಿ ಕುಲುಮೆಯಲ್ಲಿ ಆಗ್ತಿದ್ದ ಕ್ರಿಯೆಗೂ, ಬೇರಿನಲ್ಲಿ ಆಗೋ ಕ್ರಿಯೆಗೂ ರಸಾಯನಶಾಸ್ತ್ರದಲ್ಲಿ ಒಂದೇ ಹೆಸರು: ರಿಡಕ್ಷನ್. ಆದರೆ ಬೇರಿನ ಕುಲುಮೆ ಕೆಲಸ ಮಾಡೋಕೆ ಎರಡು ಷರತ್ತು. ಮಣ್ಣಲ್ಲಿ ಗಾಳಿ ಆಡಬೇಕು. ಮಣ್ಣು ತುಸು ಹುಳಿಯಾಗಿರಬೇಕು, ಅಂದ್ರೆ ಪಿಎಚ್ 6ರಿಂದ 6.5ರ ಆಸುಪಾಸು. ಪಿಎಚ್ ಒಂದೇ ಒಂದು ಅಂಕ ಏರಿದರೆ ಆಕ್ಸೈಡ್‌ನಿಂದ ಕರಗೋ ಕಬ್ಬಿಣ ಸಾವಿರ ಪಟ್ಟು ಇಳಿದುಬಿಡುತ್ತೆ. ಹತ್ತು ಪಟ್ಟಲ್ಲ, ಸಾವಿರ ಪಟ್ಟು. ಈ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತೆ.

ಗಿಡಕ್ಕೂ ಕಬ್ಬಿಣಕ್ಕೂ ಸಂಬಂಧ ಇದೆ ಅಂತ ಮೊದಲು ತೋರಿಸಿದ್ದು ಯೂಸೆಬ್ ಗ್ರಿ ಅನ್ನೋ ಫ್ರೆಂಚ್ ಮನುಷ್ಯ, 1840ರ ದಶಕದಲ್ಲಿ. ಹಳದಿಯಾದ ಎಲೆಗಳಿಗೆ ಆತ ಕಬ್ಬಿಣದ ಲವಣದ ನೀರು ಹಚ್ಚಿದ. ಹಚ್ಚಿದ ಜಾಗ ಮಾತ್ರ ಹಸಿರಾಯಿತು! ಪಕ್ಕದ ಜಾಗ ಹಳದಿಯಾಗೇ ಉಳಿಯಿತು. ಮಣ್ಣು, ಗೊಬ್ಬರ, ಹವಾಮಾನ ಎಲ್ಲಾ ಒಂದೇ. ವ್ಯತ್ಯಾಸ ಆ ಲವಣ ಒಂದೇ. 1860ರ ಹೊತ್ತಿಗೆ ಜರ್ಮನಿಯ ಯೂಲಿಯುಸ್ ಫಾನ್ ಜಾಕ್ಸ್ ಮಣ್ಣೇ ಇಲ್ಲದೆ ನೀರಲ್ಲಿ ಲವಣ ಕರಗಿಸಿ ಗಿಡ ಬೆಳೆಸಿ, ಕಬ್ಬಿಣ ಬಿಟ್ಟರೆ ಗಿಡ ಹಳದಿಯಾಗುತ್ತೆ ಅಂತ ಖಚಿತ ಮಾಡಿದ.

ಗ್ರಿ ಬಳಸಿದ ಆ ಕಬ್ಬಿಣದ ಲವಣ ಏನು ಗೊತ್ತಾ? ಫೆರಸ್ ಸಲ್ಫೇಟ್. ನಮ್ಮ ಗ್ರಂಥಿಗೆ ಅಂಗಡಿಗೆ ಹೋಗಿ ಅನ್ನಭೇದಿ ಕೊಡಿ ಅಂತ ಕೇಳಿದ್ರೆ ತಿಳಿ ಹಸಿರು ಹರಳು ಕೊಡ್ತಾರಲ್ಲ, ಅದೇ. ಹಿಂದಿನವರು ಅದನ್ನು ಅಳಲೆಕಾಯಿ ಜೊತೆ ಸೇರಿಸಿ ಕಪ್ಪು ಶಾಯಿ ಮಾಡ್ತಿದ್ದರು, ಬಟ್ಟೆಗೆ ಬಣ್ಣ ಹಾಕ್ತಿದ್ದರು. ಅದೇ ಅಂಗಡಿಯಲ್ಲಿ ಇನ್ನೆರಡು ಡಬ್ಬಿ ಇರುತ್ತೆ. ಒಂದು ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್. ಇನ್ನೊಂದು ಬಿಳಿಗಾರ, ಅಂದ್ರೆ ಬೋರಾಕ್ಸ್, ಅಕ್ಕಸಾಲಿಗರು ಬೆಸುಗೆ ಹಾಕೋಕೆ ಬಳಸೋದು. ಕಬ್ಬಿಣ, ತಾಮ್ರ, ಬೋರಾನ್. ಇವತ್ತು ಆನ್‌ಲೈನಲ್ಲಿ 'ಮೈಕ್ರೋನ್ಯೂಟ್ರಿಯೆಂಟ್ ಮಿಕ್ಸ್' ಅಂತ ಪ್ಯಾಕೆಟ್ ಬರುತ್ತಲ್ಲ, ಅದರಲ್ಲಿರೋ ಮೂರು ಧಾತು ನಮ್ಮಜ್ಜಿ ಕಾಲದ ಅಂಗಡಿಯಲ್ಲೇ ಇದ್ದವು. ಅವು ಗಿಡದ ಊಟ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಗೊತ್ತಿಲ್ಲದೆಯೇ ಕೊಟ್ಟಿದ್ದೂ ಉಂಟು. ಮಲೆನಾಡಿನ ಅಡಿಕೆ ತೋಟಗಳಿಗೆ ಬನ್ನಿ. ಮಳೆಗಾಲದಲ್ಲಿ ಕೊಳೆರೋಗ ಬಂದು ಎಳೆ ಅಡಿಕೆ ಉದುರೋದು ಇವತ್ತಿಗೂ ದೊಡ್ಡ ಪೆಟ್ಟು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ, ಅದು ಯಾವ ಶಿಲೀಂಧ್ರದಿಂದ ಬರುತ್ತೆ ಅಂತ ಅಧ್ಯಯನ ಮಾಡಿ, ಬೋರ್ಡೋ ದ್ರಾವಣ ಹೊಡೆಯೋ ಪದ್ಧತಿಯನ್ನು ಬೆಳೆಗಾರರಿಗೆ ಕಲಿಸಿದರು. ಬೋರ್ಡೋ ಅಂದ್ರೆ ಮೈಲುತುತ್ತ ಮತ್ತು ಸುಣ್ಣ. ನೂರು ಲೀಟರ್ ನೀರಿಗೆ ತಲಾ ಒಂದೊಂದು ಕೆಜಿ. ಈಗಲೂ ಮುಂಗಾರು ಶುರುವಾಗ್ತಿದ್ದ ಹಾಗೆ ತೋಟದಲ್ಲಿ ಔಷಧಿ ಹೊಡೆಯೋದು ಅಂದ್ರೆ ಇದೇ. ತಾಮ್ರ ಇಲ್ಲದೆ ಗಿಡ ಬದುಕಲ್ಲ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದು 1931ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ತೋಟಗಳು ಇಪ್ಪತ್ತು ವರ್ಷದಿಂದ ತಾಮ್ರದ ನೀರಲ್ಲಿ ಮೀಯುತ್ತಿದ್ದವು.

ಈಗ 1923ಕ್ಕೆ ವಾಪಸ್ ಬನ್ನಿ. ಭದ್ರಾವತಿಯಲ್ಲಿ ಕಬ್ಬಿಣ ಹರಿದ ಅದೇ ವರ್ಷ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕ್ಯಾಥರೀನ್ ವಾರಿಂಗ್ಟನ್ ಅನ್ನೋ ಯುವ ವಿಜ್ಞಾನಿ ಒಂದು ಲೇಖನ ಪ್ರಕಟಿಸಿದರು. ಒಂದು ಜಾತಿಯ ಅವರೆ ಗಿಡಕ್ಕೆ ಎಲ್ಲಾ ಲವಣ ಕೊಟ್ಟು, ಬೋರಾನ್ ಒಂದನ್ನು ಬಿಟ್ಟರೆ ಗಿಡದ ಕುಡಿ ಸಾಯುತ್ತೆ. ಚಿಟಿಕೆ ಬೋರಿಕ್ ಆಮ್ಲ ಕೊಟ್ಟರೆ ಬದುಕುತ್ತೆ. ಕೇರಂ ಬೋರ್ಡ್ ಮೇಲೆ ಕಾಯಿ ಜಾರಲಿ ಅಂತ ಉದುರಿಸ್ತೀವಲ್ಲ ಬೋರಿಕ್ ಪೌಡರ್, ಅದೇ ಬೋರಿಕ್. ಆಮೇಲೆ ಒಂದರ ಹಿಂದೆ ಒಂದು ಹೆಸರು ಸೇರುತ್ತಾ ಹೋಯ್ತು. 1922ರಲ್ಲೇ ಮ್ಯಾಂಗನೀಸ್ ಬಂದಿತ್ತು. 1926ರಲ್ಲಿ ಸತು, 1931ರಲ್ಲಿ ತಾಮ್ರ, 1939ರಲ್ಲಿ ಮಾಲಿಬ್ಡಿನಂ, 1954ರಲ್ಲಿ ಕ್ಲೋರಿನ್, 1987ರಲ್ಲಿ ನಿಕ್ಕಲ್.

ಇಷ್ಟು ತಡವಾಗಿದ್ದು ಯಾಕೆ? ಪ್ರಮಾಣ ಅಷ್ಟು ಸಣ್ಣದು. ಒಂದು ಕೆಜಿ ಒಣಗಿದ ಗಿಡ ತಗೊಂಡ್ರೆ ಅದರಲ್ಲಿ ಸಾರಜನಕ ಸುಮಾರು 15 ಗ್ರಾಂ ಇರುತ್ತೆ. ಕಬ್ಬಿಣ 100 ಮಿಲಿಗ್ರಾಂ. ಸತು 20, ಬೋರಾನ್ 20, ತಾಮ್ರ 6 ಮಿಲಿಗ್ರಾಂ. ಮಾಲಿಬ್ಡಿನಂ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗ. ಪ್ರಯೋಗಕ್ಕೆ ಬಳಸೋ ನೀರಿನಲ್ಲಿ, ಗಾಜಿನ ಪಾತ್ರೆಯಲ್ಲಿ, ಲವಣದ ಕಲ್ಮಶದಲ್ಲೇ ಅಷ್ಟು ಇರ್ತಿತ್ತು. ಲವಣ ಶುದ್ಧವಾಗ್ತಾ ಹೋದ ಹಾಗೆ ಗಿಡದ ಹಸಿವು ಒಂದೊಂದಾಗಿ ಬಯಲಾಯ್ತು.

ಸಣ್ಣದು ಅಂತ ಕಡೆಗಣಿಸೋ ಹಾಗಿಲ್ಲ. 19ನೇ ಶತಮಾನದಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಹೇಳಿ, ಲೀಬಿಗ್ ಊರಿಗೆಲ್ಲ ಸಾರಿದ ನಿಯಮ ಒಂದಿದೆ: ಬೆಳೆ ಎಷ್ಟು ಬರುತ್ತೆ ಅನ್ನೋದನ್ನು ತೀರ್ಮಾನಿಸೋದು ಹೆಚ್ಚಿರೋ ಪೋಷಕಾಂಶ ಅಲ್ಲ, ಎಲ್ಲಕ್ಕಿಂತ ಕಡಿಮೆ ಇರೋದು. ಹಲಗೆ ಜೋಡಿಸಿದ ಮರದ ಪೀಪಾಯಿ ನೆನಪು ಮಾಡ್ಕೊಳ್ಳಿ. ಒಂದು ಹಲಗೆ ಗಿಡ್ಡ ಇದ್ರೆ ನೀರು ಅಲ್ಲಿವರೆಗೆ ಮಾತ್ರ ನಿಲ್ಲುತ್ತೆ, ಉಳಿದ ಹಲಗೆ ಎಷ್ಟೇ ಎತ್ತರ ಇರಲಿ. ಗುಲಾಬಿಗೆ ಕೈತುಂಬಾ ಎನ್‌ಪಿಕೆ ಸುರಿದು, ಸತು ಇಲ್ಲದೆ ಇದ್ರೆ ಸುರಿದದ್ದು ಹರಿದು ಹೋಯ್ತು ಅಂತಲೇ ಲೆಕ್ಕ.

ಭಾರತದಲ್ಲಿ ಈ ಪಾಠ ಗದ್ದೆಯಲ್ಲಿ ಕಲಿತದ್ದು. ಹಸಿರು ಕ್ರಾಂತಿಯ ಹೊಸ್ತಿಲಲ್ಲಿ, ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದಲ್ಲಿ ಭತ್ತದ ಎಲೆ ಕಂದು ಬಣ್ಣಕ್ಕೆ ತಿರುಗಿ ಪೈರು ಕುಗ್ಗೋ ಒಂದು ಕಾಯಿಲೆ ಬರ್ತಿತ್ತು. ಊರವರು ಅದನ್ನು ಖೈರಾ ಅಂತಿದ್ದರು. ರೋಗಾಣು ಹುಡುಕಿದರೆ ಸಿಗಲಿಲ್ಲ. 1966ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದ ವೈ.ಎಲ್. ನೆನೆ ಇದು ರೋಗವೇ ಅಲ್ಲ, ಸತುವಿನ ಕೊರತೆ ಅಂತ ತೋರಿಸಿದರು. ಜಿಂಕ್ ಸಲ್ಫೇಟ್ ಸಿಂಪಡಿಸಿದರೆ ಪೈರು ಚೇತರಿಸಿತು. ಮರುವರ್ಷವೇ ದೇಶದ ಮಣ್ಣಲ್ಲಿ ಸೂಕ್ಷ್ಮ ಪೋಷಕಾಂಶ ಎಷ್ಟಿದೆ ಅಂತ ಅಳೆಯೋ ಅಖಿಲ ಭಾರತ ಯೋಜನೆ ಶುರುವಾಯ್ತು. ನಮ್ಮ ರಾಜ್ಯದಲ್ಲಿ 2009ರಲ್ಲಿ ಇಕ್ರಿಸ್ಯಾಟ್ ಜೊತೆ ಸೇರಿ ಸರ್ಕಾರ ಭೂಚೇತನ ಯೋಜನೆ ತಂದಾಗ, ಮಣ್ಣು ಪರೀಕ್ಷೆಯಲ್ಲಿ ಕಂಡ ದೊಡ್ಡ ಕೊರತೆಗಳು ಸತು, ಬೋರಾನ್ ಮತ್ತು ಗಂಧಕ. ಮಳೆ ಹೆಚ್ಚಿರೋ ಹುಳಿ ಮಣ್ಣಲ್ಲಿ ಬೋರಾನ್ ಸುಲಭವಾಗಿ ತೊಳೆದುಹೋಗುತ್ತೆ. ಅಂದ್ರೆ ಮಲೆನಾಡಿನ ನೆಲದಲ್ಲಿ ನಿಜವಾಗಿ ಚಿಂತೆ ಮಾಡಬೇಕಾದ್ದು ಕಬ್ಬಿಣಕ್ಕಲ್ಲ. ತಗ್ಗಿನ ಗದ್ದೆಯಲ್ಲಿ ನೀರು ನಿಂತಾಗ ಕಬ್ಬಿಣ ಅತಿಯಾಗಿ ಕರಗಿ ಭತ್ತಕ್ಕೆ ವಿಷವಾಗೋದೂ ಉಂಟು.

ಹಾಗಾದ್ರೆ ನೆಲದಲ್ಲಿ ಹೆಚ್ಚಾಗಿ ಉಕ್ಕೋ ಕಬ್ಬಿಣ ಕುಂಡದಲ್ಲಿ ಯಾಕೆ ಮಾಯ?

ಕುಂಡ ಅನ್ನೋದು ನೆಲದ ತುಂಡಲ್ಲ, ಅದಕ್ಕೇ. ಅದು ಬೇರೆಯದೇ ಲೋಕ. ಒಂದೊಂದಾಗಿ ನೋಡೋಣ.

ಮೊದಲನೆಯದು ನೀರು. ಶಿವಮೊಗ್ಗಕ್ಕೆ ತುಂಗೆ, ಭದ್ರಾವತಿಗೆ ಭದ್ರೆ. ಹೊಳೆ ನೀರು ಮೆದು. ಆದರೆ ಊರಾಚೆ ಎದ್ದ ಬಡಾವಣೆಗಳಲ್ಲಿ ಎಷ್ಟೋ ಕಡೆ ಬೋರ್ ನೀರೇ ಗತಿ. ಬಕೆಟ್ ಅಂಚಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಲ್ಲ, ಅದನ್ನು ಮಾಡೋದು ನೀರಲ್ಲಿರೋ ಕ್ಯಾಲ್ಸಿಯಂ ಬೈಕಾರ್ಬೊನೇಟ್. ಅದೇ ನೀರು ದಿನಾ ಕುಂಡಕ್ಕೆ ಬಿದ್ದರೆ ಮಣ್ಣಿನ ಪಿಎಚ್ ಮೆಲ್ಲಗೆ ಏರುತ್ತೆ. ನೆಲದಲ್ಲಾದರೆ ಜೂನ್‌ನಲ್ಲಿ ಮಳೆ ಬಂದು ತೊಳೆದುಬಿಡುತ್ತೆ. ಸಜ್ಜೆ ಕೆಳಗಿನ ಕುಂಡಕ್ಕೆ ಮಳೆಯೂ ಇಲ್ಲ. ಪಿಎಚ್ 6ರಿಂದ 7.5ಕ್ಕೆ ಏರಿದರೆ ಏನಾಗುತ್ತೆ? ಒಂದು ಅಂಕಕ್ಕೆ ಸಾವಿರ ಪಟ್ಟು ಅಂದೆನಲ್ಲ, ಲೆಕ್ಕ ನೀವೇ ಹಾಕಿ.

ಎರಡನೆಯದು ಕುಂಡ. ಹೊಸ ಸಿಮೆಂಟ್ ಕುಂಡ ಮೊದಲ ಕೆಲವು ತಿಂಗಳು ಸುಣ್ಣ ಬಿಡ್ತಾ ಇರುತ್ತೆ. ಭದ್ರಾವತಿ ಕಾರ್ಖಾನೆ ಆವರಣದಲ್ಲಿ ಕಬ್ಬಿಣದ ಜೊತೆ ಸಿಮೆಂಟೂ ತಯಾರಾಗ್ತಿತ್ತು. ಕಾರ್ಖಾನೆಯಲ್ಲಿ ಎರಡೂ ಅಕ್ಕಪಕ್ಕ ಇದ್ದವು, ಕುಂಡದಲ್ಲಿ ಮಾತ್ರ ಒಂದು ಇನ್ನೊಂದನ್ನು ಕಟ್ಟಿಹಾಕುತ್ತೆ. ಸಿಮೆಂಟ್ ಕುಂಡ ತಂದರೆ ವಾರಗಟ್ಟಲೆ ನೀರಲ್ಲಿ ನೆನೆಸಿ, ನೀರು ಬದಲಾಯಿಸಿ, ಆಮೇಲೆ ಗಿಡ ಹಾಕಿ. ಮಣ್ಣಿನ ಕುಂಡ ಆದ್ರೆ ಇನ್ನೂ ಒಳ್ಳೆಯದು.

ಮೂರನೆಯದು ಕೊಕೊಪೀಟ್. ಹಗುರ, ನೀರು ಹಿಡಿಯುತ್ತೆ, ಟೆರೇಸ್‌ಗೆ ಭಾರ ಆಗಲ್ಲ. ಆದರೆ ಅದರಲ್ಲಿ ಗಿಡಕ್ಕೆ ಬೇಕಾದ ಊಟ ಇಲ್ಲ ಅನ್ನೋಷ್ಟು ಕಡಿಮೆ. ಬರೀ ಕೊಕೊಪೀಟ್ ತುಂಬಿ ಎನ್‌ಪಿಕೆ ಮಾತ್ರ ಹಾಕಿದರೆ, ಜಾಕ್ಸ್ 1860ರಲ್ಲಿ ನೀರಲ್ಲಿ ಗಿಡ ಬೆಳೆಸಿ, ಕಬ್ಬಿಣ ಬಿಟ್ಟು ನೋಡಿದ ಪ್ರಯೋಗವನ್ನೇ ನೀವು ಮನೆಯಲ್ಲಿ ಮಾಡ್ತಿದ್ದೀರಿ ಅಂತ ಅರ್ಥ.

ನಾಲ್ಕನೆಯದು ಅತಿ ನೀರು. ತಟ್ಟೆಯಲ್ಲಿ ನೀರು ನಿಂತರೆ ಬೇರಿಗೆ ಉಸಿರಾಡೋಕೆ ಆಗಲ್ಲ. ಬೇರು ಸತ್ತರೆ ಕುಲುಮೆ ಆರಿದ ಹಾಗೆ. ಕಬ್ಬಿಣ ಸುತ್ತಮುತ್ತ ಇದ್ದರೂ ಎತ್ತಿಕೊಳ್ಳೋರಿಲ್ಲ.

ಈ ನಾಲ್ಕರಲ್ಲಿ ಮೊದಲೆರಡಕ್ಕೆ ತುಕ್ಕು ಮೊಳೆ ಏನು ಮಾಡುತ್ತೆ? ಏನೂ ಇಲ್ಲ. ಪಿಎಚ್ ಏರಿದ ಮಣ್ಣಿಗೆ ಇನ್ನೊಂದಿಷ್ಟು ಕರಗದ ಕಬ್ಬಿಣ ಸೇರಿಸಿದ ಹಾಗಾಯ್ತು. ಬ್ಯಾಂಕ್ ಲಾಕರ್ ಬೀಗದ ಕೈ ಕಳೆದುಕೊಂಡಿರೋನಿಗೆ ಇನ್ನೊಂದು ಲಾಕರ್ ಕೊಟ್ಟ ಹಾಗೆ.

ಬೀಗ ತೆಗೆಯೋ ದಾರಿ ಸಿಕ್ಕಿದ್ದು ಬಟ್ಟೆ ಉದ್ಯಮದಿಂದ. 1935ರಲ್ಲಿ ಜರ್ಮನಿಯ ಫರ್ಡಿನಾಂಡ್ ಮುಂಟ್ಸ್ ಇಡಿಟಿಎ ಅನ್ನೋ ರಾಸಾಯನಿಕ ತಯಾರಿಸಿದರು. ಬಟ್ಟೆಗೆ ಬಣ್ಣ ಹಾಕುವಾಗ ಗಡಸು ನೀರಿನ ಕ್ಯಾಲ್ಸಿಯಂ ತೊಂದರೆ ಕೊಡ್ತಿತ್ತು. ಅದನ್ನು ಏಡಿ ಕೊಂಡಿಯಲ್ಲಿ ಹಿಡಿದ ಹಾಗೆ ಹಿಡಿದಿಡೋಕೆ ಅಲ್ಲಿವರೆಗೆ ಸಿಟ್ರಿಕ್ ಆಮ್ಲ ಬಳಸ್ತಿದ್ದರು, ಅದಕ್ಕೆ ಬದಲಿಯಾಗಿ ಇದು ಬಂತು. ಈ ಏಡಿ ಕಬ್ಬಿಣವನ್ನೂ ಹಿಡಿಯುತ್ತೆ. ಹಿಡಿದರೆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರಲ್ಲ, ಕರಗಿದ ರೂಪದಲ್ಲೇ ಬೇರಿನವರೆಗೆ ಹೋಗುತ್ತೆ. 1950ರ ದಶಕದ ಶುರುವಿನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹಳದಿಯಾಗಿದ್ದ ಕಿತ್ತಳೆ ಜಾತಿಯ ತೋಟಗಳಿಗೆ ಇದನ್ನು ಕೊಟ್ಟು ಹಸಿರು ಮಾಡಿ ತೋರಿಸಿದರು. ಇವತ್ತು ಗೊಬ್ಬರದ ಅಂಗಡಿಯಲ್ಲಿ 'ಚಿಲೇಟೆಡ್' ಅಂತ ಬರೆದಿರೋ ಪ್ಯಾಕೆಟ್ ಅಂದ್ರೆ ಇದೇ. ಇದರಲ್ಲೂ ತಾರತಮ್ಯ ಇದೆ. ಇಡಿಟಿಎ ಹಿಡಿತ ಪಿಎಚ್ 6.5ರ ಆಚೆ ಸಡಿಲವಾಗುತ್ತೆ, ಡಿಟಿಪಿಎ 7ರಿಂದ 7.5ರವರೆಗೆ ತಾಳುತ್ತೆ, ಇಡಿಡಿಎಚ್‌ಎ ಅದಕ್ಕೂ ಮೇಲೆ. ಬೋರ್ ನೀರಿನ ಮನೆಯವರು ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದಬೇಕಾದ್ದು ಇದಕ್ಕೇ.

ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಾಳೆ, ಮಾವು, ತರಕಾರಿಗೆ ಅಂತ 'ಅರ್ಕಾ ಸ್ಪೆಷಲ್' ಪುಡಿಗಳನ್ನು ಮಾಡಿದೆ. ಅದನ್ನು ಬೆರೆಸೋ ವಿಧಾನ ನಂಗೆ ತುಂಬಾ ಇಷ್ಟ: ನೀರಿಗೆ ಪುಡಿ ಹಾಕಿ, ಜೊತೆಗೆ ನಿಂಬೆಹಣ್ಣಿನ ರಸ ಮತ್ತು ಒಂದು ಶಾಂಪೂ ಸ್ಯಾಶೆ. ತಮಾಷೆ ಅಲ್ಲ. ನಿಂಬೆರಸದಲ್ಲಿರೋದು ಅದೇ ಸಿಟ್ರಿಕ್ ಆಮ್ಲ, ನೀರಿನ ಪಿಎಚ್ ಇಳಿಸುತ್ತೆ, ಲೋಹವನ್ನು ಹಿಡಿದಿಡುತ್ತೆ. ಶಾಂಪೂ ಇದ್ರೆ ಹನಿ ಎಲೆ ಮೇಲಿಂದ ಜಾರದೆ ಹರಡಿಕೊಳ್ಳುತ್ತೆ. ನೂರು ವರ್ಷದ ರಸಾಯನಶಾಸ್ತ್ರ ಮನೆ ಮೂಲೆಯ ಅಂಗಡಿಯಲ್ಲಿ ಸಿಗೋ ಎರಡು ವಸ್ತುವಿನಲ್ಲಿ ಮುಗೀತು.

ಸರಿ, ಈಗ ನಿಮ್ಮ ಗಿಡದ ಮುಂದೆ ನಿಂತ್ಕೊಳ್ಳಿ. ಕೇಳೋ ಪ್ರಶ್ನೆ ಒಂದೇ: ಯಾವ ಎಲೆ?

ಹಳೇ ಎಲೆ, ಕೆಳಗಿನವು, ಪೂರ್ತಿ ಹಳದಿಯಾಗ್ತಿದ್ರೆ ಅದು ಸಾರಜನಕದ ಕೊರತೆ ಇರಬಹುದು. ಹಳೇ ಎಲೆಯಲ್ಲಿ ನರದ ಮಧ್ಯೆ ಮಾತ್ರ ಹಳದಿ ಅಂದ್ರೆ ಮೆಗ್ನೀಸಿಯಂ. ಇವು ಸೂಕ್ಷ್ಮ ಪೋಷಕಾಂಶ ಅಲ್ಲ, ದೊಡ್ಡ ಪೋಷಕಾಂಶದ ಸಾಲಿನವು. ಚಿಗುರೆಲೆಯೇ ಹಳದಿ, ನರ ಮಾತ್ರ ಹಸಿರು ಬಲೆ ಥರ ಉಳಿದಿದೆ ಅಂದ್ರೆ ಕಬ್ಬಿಣ. ಕಬ್ಬಿಣ ಹಳೇ ಎಲೆಯಿಂದ ಹೊಸ ಎಲೆಗೆ ಓಡಾಡಲ್ಲ, ಹಾಗಾಗಿ ಹೊಸದಕ್ಕೇ ಮೊದಲ ಪೆಟ್ಟು. ಎಲೆ ಸಣ್ಣಗೆ, ಕಿರಿದಾಗಿ, ಗೆಣ್ಣು ಹತ್ತಿರ ಹತ್ತಿರ, ಕುಡಿ ಗೊಂಚಲಾಗಿ ನಿಂತುಬಿಟ್ಟಿದೆ ಅಂದ್ರೆ ಸತು. ಕಾಂಡ ಉದ್ದ ಬೆಳೆಸೋ ಹಾರ್ಮೋನ್ ತಯಾರಿಗೆ ಅದು ಬೇಕು. ಕುಡಿ ಕರಟಿ, ಎಲೆ ದಪ್ಪಗೆ ಮುರಿಯೋ ಹಾಗಾಗಿ, ಮೊಗ್ಗು ವಿಕಾರವಾಗಿದ್ರೆ ಬೋರಾನ್ ಮೇಲೆ ಅನುಮಾನ ಪಡಿ.

ಕಬ್ಬಿಣ ಅಂತ ಅನ್ನಿಸಿದರೆ ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಕುಂಡದ ತೂತು ಕಟ್ಟಿದೆಯಾ ನೋಡಿ, ತಟ್ಟೆಯ ನೀರು ಚೆಲ್ಲಿ, ಬೋರ್ ನೀರಿನ ಬದಲು ಮಳೆ ನೀರು ಹಿಡಿದು ಹಾಕಿ. ಮಲೆನಾಡಲ್ಲಿ ಮಳೆ ನೀರಿಗೇನು ಬರ? ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಅದರಲ್ಲಿರೋ ಸಾವಯವ ಆಮ್ಲಗಳೂ ಲೋಹ ಹಿಡಿಯೋ ಏಡಿಗಳೇ. ಆಮೇಲೂ ಬೇಕಾದರೆ ಸಿಂಪಡಣೆ. ಒಂದು ಲೀಟರ್ ನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಸಿಟ್ರಿಕ್ ಆಮ್ಲ. ಬಿಸಿಲು ಇಳಿದ ಮೇಲೆ ಎಲೆಗೆ ಹೊಡೆಯಿರಿ. ಬೆಳೆಗಳಿಗೆ 5 ಗ್ರಾಂವರೆಗೂ ಹೇಳ್ತಾರೆ, ಕುಂಡಕ್ಕೆ ಕಡಿಮೆಯಿಂದ ಶುರು ಮಾಡೋದು ಕ್ಷೇಮ. ಎರಡು ವಾರ ಬಿಟ್ಟು ಬರೋ ಹೊಸ ಚಿಗುರನ್ನು ನೋಡಿ ತೀರ್ಮಾನ ಮಾಡಿ.

ಒಂದು ಎಚ್ಚರಿಕೆ, ಇದನ್ನು ಸ್ಕಿಪ್ ಮಾಡ್ಬೇಡಿ. ಬೋರಾನ್ ವಿಷಯದಲ್ಲಿ ಸಾಕು ಅನ್ನೋದಕ್ಕೂ ವಿಷ ಅನ್ನೋದಕ್ಕೂ ಅಂತರ ತುಂಬಾ ಕಡಿಮೆ. ಎಕರೆಗಟ್ಟಲೆ ನೆಲದಲ್ಲಿ ಕೈ ತಪ್ಪಿ ಒಂದು ಚಿಟಿಕೆ ಹೆಚ್ಚಾದರೆ ಮಳೆ ತೊಳೆಯುತ್ತೆ. ಹತ್ತು ಇಂಚಿನ ಕುಂಡದಲ್ಲಿ ಎಲ್ಲಿಗೆ ಹೋಗುತ್ತೆ? ಎಲೆ ಅಂಚು ಸುಟ್ಟ ಹಾಗೆ ಕಂದಾಗುತ್ತೆ. ಅದನ್ನು ನೋಡಿ ಕೊರತೆ ಅಂದುಕೊಂಡು ಇನ್ನೊಂದು ಚಮಚ ಸುರಿದರೆ ಗಿಡದ ಕಥೆ ಮುಗೀತು. ಮಿಕ್ಸ್ ಪ್ಯಾಕೆಟ್‌ನ ಅಪಾಯ ಇದೇ. ಒಂದು ಕೊರತೆಗೆ ಆರು ಧಾತು ಸುರಿತೀವಿ. ಬೇಕಾಗಿದ್ದು ಸೇರುತ್ತೋ ಇಲ್ಲವೋ, ಬೇಡದ್ದು ಕೂಡಿಕೊಳ್ಳುತ್ತೆ. ಸಣ್ಣದಾಗಿ ನರ್ಸರಿ ಮಾಡಿ ಗಿಡ ಮಾರೋ ಯೋಚನೆ ಇರೋರು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಸರ್ಕಾರದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಐದೂ ಬರುತ್ತೆ. ಶಿವಮೊಗ್ಗದ ನವುಲೆಯಲ್ಲೇ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, 2012ರಲ್ಲಿ ಶುರುವಾದದ್ದು, ಈಗ ಕೆಳದಿ ಶಿವಪ್ಪ ನಾಯಕನ ಹೆಸರಲ್ಲಿದೆ. ಹೋಗಿ ಕೇಳೋಕೆ ನಾಚಿಕೆ ಬೇಡ.

ಕೊನೆಗೆ ಒಂದು ಮಾತು, ಗಿಡದ ಬಗ್ಗೆ ಅಲ್ಲ, ಊರಿನ ಬಗ್ಗೆ. 2023ರ ಜನವರಿಯಲ್ಲಿ ಭದ್ರಾವತಿ ಕಾರ್ಖಾನೆಗೆ ನೂರು ತುಂಬಿತು. ಅದೇ ತಿಂಗಳು ಅದನ್ನು ಮುಚ್ಚೋ ತೀರ್ಮಾನವೂ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಹೋರಾಟ ಆಯ್ತು, ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯ್ತು. ಕಾರ್ಖಾನೆ ಸೊರಗಿದ್ದಕ್ಕೆ ಯಾವಾಗಲೂ ಕೇಳಿಬರೋ ಕಾರಣಗಳಲ್ಲಿ ದೊಡ್ಡದು: ಅದಕ್ಕೆ ಸ್ವಂತದ್ದು ಅಂತ ಅದಿರಿನ ಗಣಿ ಇಲ್ಲ. ಸುತ್ತಲಿನ ಬೆಟ್ಟಗಳಲ್ಲಿ ಕಬ್ಬಿಣ, ಬಳ್ಳಾರಿ ಸೀಮೆಯಲ್ಲಿ ಕಬ್ಬಿಣ, ಕಾಲಡಿಯ ಮಣ್ಣಲ್ಲೂ ಕಬ್ಬಿಣ. ಕುಲುಮೆಗೆ ಮಾತ್ರ ಕಬ್ಬಿಣ ಇಲ್ಲ.

ನಾಡಿನಲ್ಲಿ ಸಂಪತ್ತು ಎಷ್ಟಿದೆ ಅಂತ ಭಾಷಣ ಮಾಡೋರು ಬಹಳ. ಅದು ಯಾರಿಗೆ, ಯಾವ ದಾರಿಯಲ್ಲಿ, ಯಾವ ರೂಪದಲ್ಲಿ ದಕ್ಕುತ್ತೆ ಅಂತ ಕೇಳೋರು ಕಡಿಮೆ. ಯೂಸೆಬ್ ಗ್ರಿ ಕೇಳಿದ್ದು ಆ ಪ್ರಶ್ನೆಯನ್ನೇ, ಒಂದು ಹಳದಿ ಎಲೆಯ ಮುಂದೆ ನಿಂತು.

ಇವತ್ತಿಗೆ ಇಷ್ಟು. ನಿಮ್ಮ ಕುಂಡದ ಚಿಗುರೆಲೆ ಹೇಗಿದೆ ನೋಡಿ. ಮೊಳೆಯನ್ನು ಗೋಡೆಗೆ ಹೊಡೆಯಿರಿ, ಕ್ಯಾಲೆಂಡರ್ ತೂಗುಹಾಕೋಕೆ ಬರುತ್ತೆ. ಮತ್ತೆ ಸಿಗೋಣ.